ದೇವದುರ್ಗದ ಮರುಗ

ನಮ್ಮ ಮಾನವಿ ಊರಿನ ಮನೆಯಲ್ಲಿ ತುಳಸಿ ಕೊಯ್ಯುವ ಅಧಿಕಾರ ಹೆಂಗಸರಿಗಿರಲಿಲ್ಲ. ಅಂಗಳದ ಬೃಂದಾವನಕ್ಕೆ ನೀರು ಹಾಕುವವರು ನಾವು, ರಂಗೋಲಿ ಬಿಡುವವರು ನಾವು, ಸಂಜೆ ದೀಪ ಹಚ್ಚಿ ಪ್ರದಕ್ಷಿಣೆ ಬರುವವರೂ ನಾವೇ. ಆದರೆ ದಳಕ್ಕೆ ಕೈ ಹಚ್ಚಬೇಕಾದರೆ ಅಜ್ಜ ಸ್ನಾನ ಮಾಡಿ, ಮಡಿಯುಟ್ಟು, ಬಾಯಲ್ಲಿ ಮಂತ್ರ ಹೇಳಿಕೊಳ್ಳುತ್ತ ಬರಬೇಕು. ದ್ವಾದಶಿಯ ದಿನ ಅವರೂ ಮುಟ್ಟುತ್ತಿರಲಿಲ್ಲ. ಇದರ ಬಗ್ಗೆ ನಮ್ಮ ಅಜ್ಜಿಗೆ ತಕರಾರು ಇತ್ತೆಂದಲ್ಲ. ಶಾಸ್ತ್ರ ಅಂದರೆ ಶಾಸ್ತ್ರ. ಆದರೂ ದೇವರ ಕೊರಳಿಗೆ ಹೋಗುವ ಹಸಿರನ್ನು ತನ್ನ ಕೈಯಾರೆ ಕಿತ್ತು ಕೊಡಬೇಕೆಂಬ ಆಸೆ ಆಕೆಗೆ ಎಷ್ಟಿತ್ತೆಂಬುದು ನನಗೆ ತಿಳಿದದ್ದು ಕಾಕು ಮದುವೆಯಾಗಿ ಬಂದ ಮೇಲೆ, ಆಕೆಯ ಹಿಂದೆ ಮರುಗದ ಗಿಡವೂ ನಮ್ಮ ಮನೆ ಸೇರಿದ ಮೇಲೆ.

ಮನೆ ದೊಡ್ಡದಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಊರೆಲ್ಲ ಕಾದ ಹೆಂಚಿನಂತಿದ್ದರೂ ನಮ್ಮ ಪಡಸಾಲೆಯ ಹಾಸುಗಲ್ಲಿನ ಮೇಲೆ ಬರಿಮೈಯಲ್ಲಿ ಮಲಗಿದರೆ ತಣ್ಣಗೆ ನಿದ್ದೆ ಬರುತ್ತಿತ್ತು. ಅದನ್ನು ನಾನು ಈಗಲೂ ದೇವರು ಮಾಡಿದ ಉಪಕಾರಗಳಲ್ಲಿ ಒಂದೆಂದು ಎಣಿಸುತ್ತೇನೆ. ಪಡಸಾಲೆ ದಾಟಿದರೆ ಒಂದು ಬದಿ ದೇವರ ಮನೆ, ಇನ್ನೊಂದು ಬದಿ ಅಡುಗೆ ಮನೆ, ಹಿಂದೆ ಹಿತ್ತಲು. ಹಿತ್ತಲಲ್ಲಿ ಸೇದುವ ಬಾವಿ, ಬಾವಿಕಟ್ಟೆಯ ಆಚೆ ಒಂದು ಪಾರಿಜಾತ. ಅದರ ಬುಡದ ಸುತ್ತ ಕಲ್ಲು ಕಟ್ಟಿ ಮಡಿಲಿನಂಥ ಒಂದು ಪಾತಿ ಮಾಡಿದ್ದರು. ಹಿಂದಿನ ದಿನ ದೇವರಿಗೆ ಏರಿಸಿದ ಹೂವು, ಮಾಲೆ, ಅಂದರೆ ನಿರ್ಮಾಲ್ಯ, ಅಲ್ಲಿಗೆ ಹೋಗಬೇಕು. ಅದನ್ನು ಯಾರೂ ತುಳಿಯಬಾರದು. ದಿನವೂ ಹಾಕಿ ಬರುವ ಕೆಲಸ ನನ್ನದು. ಸ್ನಾನವಾದ ಗಳಿಗೆಯಿಂದ ಮಧ್ಯಾಹ್ನದ ಊಟದವರೆಗೆ ಅಜ್ಜಿ ಮಡಿ. ಆಗ ನಾವು ಮಕ್ಕಳು ಆಕೆಯನ್ನು ಮುಟ್ಟುವಂತಿಲ್ಲ, ಆಕೆಯ ಸೀರೆಯ ಗಾಳಿ ಕೂಡ ನಮಗೆ ತಾಗುವಂತಿಲ್ಲ. ಮನೆಯ ಬೆಕ್ಕು ಮಾತ್ರ ಆಕೆಯ ಕಾಲಿಗೆ ಮೈ ತಿಕ್ಕುತ್ತ ಅಡುಗೆ ಮನೆಯೊಳಗೇ ಓಡಾಡುತ್ತಿತ್ತು.

"ಅಜ್ಜಿ, ಬೆಕ್ಕು ಮುಟ್ಟಿದ್ರ ಮೈಲಿಗಿ ಆಗೂದಿಲ್ಲೇನು?"

"ಬೆಕ್ಕಿಗೆ ಮೈಲಿಗಿ ಇಲ್ಲ. ಅದು ದಿನಾ ಮೈ ನೆಕ್ಕೊಂಡು ಚೊಕ್ಕ ಇರ್ತದ. ನೀ ನೆಕ್ಕೋತೀ ಏನು?"

ಕಾಕು ಅಂದರೆ ನಮ್ಮ ಕಾಕಾನ ಹೆಂಡತಿ, ಮನೆಯ ಸಣ್ಣ ಸೊಸೆ. ದೇವದುರ್ಗದ ಹುಡುಗಿ. ಮನೆ ತುಂಬಿಸಿಕೊಳ್ಳುವ ದಿನ ಹೊಸಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಬಂದಾಗ ಆಕೆಯ ಎಡಗೈಯಲ್ಲಿ ಒದ್ದೆ ಬಟ್ಟೆಯ ಗಂಟೊಂದಿತ್ತು. ಆರತಿಯ ಹೊತ್ತಿಗೂ ಅದನ್ನು ಕೆಳಗಿಡಲಿಲ್ಲ. ಅಜ್ಜಿ ಸುಮ್ಮನಿರುವವಳೇ?

"ಏನದು ಕೈಯಾಗ? ತವರುಮನಿ ಬಂಗಾರೇನು, ಅಷ್ಟು ಗಟ್ಟಿ ಹಿಡದೀದಿ?"

"ಮರುಗದ ಕಡ್ಡಿರೀ ಅತ್ಯಾ. ನಮ್ಮವ್ವ ಹಚ್ಚಿದ್ದು."

ಹೆಂಗಸರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ. ಕಾಕುವಿನ ತಾಯಿ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ತಂದೆ ಮಗಳ ಮದುವೆ ಮುಗಿಸಿ, ದೇವದುರ್ಗದ ಬಾಡಿಗೆ ಮನೆ ಬಿಟ್ಟು, ಮಸರಕಲ್ಲಿನಲ್ಲಿದ್ದ ತಮ್ಮ ಅಣ್ಣನ ಮನೆಗೆ ಹೋಗಿ ಸೇರುವವರಿದ್ದರು. ಅಂದರೆ ಕಾಕು ಹೊಸಿಲು ದಾಟಿ ಬಂದ ದಿನವೇ ಆಕೆಯ ಹಿಂದೆ ತವರುಮನೆಯ ಬಾಗಿಲು ಮುಚ್ಚಿತ್ತು. ಉಳಿದದ್ದು ಆ ಒದ್ದೆ ಗಂಟು.

ಬಾಯಿ ಒಡೆದ ಹಳೆಯ ನೀರಿನ ಹರವಿಯೊಂದರಲ್ಲಿ ಮಣ್ಣು ತುಂಬಿ ಕಾಕು ಆ ಕಡ್ಡಿ ನೆಟ್ಟಳು. ಅಡುಗೆ ಮನೆಯ ಹಿಂಬಾಗಿಲಿನ ಪಕ್ಕ, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ. ಮರುಗ ನೋಡಲಿಕ್ಕೆ ಏನೂ ಅಲ್ಲ; ಉಗುರಿನಷ್ಟು ಎಲೆ, ಬೂದಿ ಬಡಿದಂಥ ಹಸಿರು. ಆದರೆ ಸೆರಗು ತಾಗಿದರೆ ಸಾಕು, ಅರ್ಧ ಹಿತ್ತಲು ಘಮ್ಮೆನ್ನುತ್ತಿತ್ತು. ಬೆಕ್ಕಂತೂ ಅದರ ಮಗ್ಗುಲಿಗೇ ಸಂಸಾರ ಹೂಡಿತು. ಕಾಕು ಪಾತ್ರೆ ತಿಕ್ಕುವಾಗ, ಅಕ್ಕಿ ಆರಿಸುವಾಗ ಅಲ್ಲೇ ಕೂಡುತ್ತಿದ್ದಳು. ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯದ ಮನೆಯಿಲ್ಲ. ಓಣಿಯ ಸೊಸೆಯರನ್ನೆಲ್ಲ ಅಣ್ಣತಮ್ಮಂದಿರು ಬಂದು ಕರೆದೊಯ್ದರು. ನನ್ನ ಅಮ್ಮ ತನ್ನ ತವರು ಚಂದ್ರಬಂಡಕ್ಕೆ ಹೋದಳು. ಕಾಕು ಒಬ್ಬಳೇ ಆಗುತ್ತಾಳೆಂದು ನಾನು ಹಟ ಹಿಡಿದು ಉಳಿದೆ. ಆಕೆ ಎಳ್ಳುಂಡಿ ಕಟ್ಟಿ ಮೊದಲನೆಯದನ್ನು ನನ್ನ ಕೈಗಿಟ್ಟು, ಮರುಗದ ಎಲೆ ಸವರಿ ಆ ಬೆರಳು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಅಜ್ಜಿ ಒಳಗಿನಿಂದ ನೋಡಿದಳು. ಕರೆಯಲಿಲ್ಲ.

ತೊಂದರೆ ಏನೆಂದರೆ, ಕಾಕು ಆ ಗಿಡಕ್ಕೆ ಉಗುರು ಹಚ್ಚಗೊಡುತ್ತಿರಲಿಲ್ಲ. ಮರುಗವನ್ನು ಚಿವುಟದೆ ಹಾಗೇ ಬಿಟ್ಟರೆ ಅದು ಮೇಲೆ ಮೇಲೆ ಓಡುತ್ತದೆ. ಕೆಳಗಿನ ಎಲೆ ಉದುರಿ ಕಾಂಡ ಕಟ್ಟಿಗೆಯಾಗುತ್ತದೆ, ತುದಿಯಲ್ಲಿ ಸಣ್ಣ ಹೂವು ಬಂದರೆ ಘಮವೂ ಇಳಿಯುತ್ತದೆ. ಹೂವಿಗೆ ಬರುವ ಮುಂಚೆ ಕುಡಿ ಚಿವುಟಬೇಕು. ಒಂದು ಕುಡಿ ಚಿವುಟಿದ ಕಡೆ ಎರಡು ಕವಲೊಡೆಯುತ್ತವೆ, ಗಿಡ ಬುಟ್ಟಿಯಂತೆ ತುಂಬಿಕೊಳ್ಳುತ್ತದೆ. ಅಜ್ಜಿಗೆ ಇದು ಗೊತ್ತಿತ್ತು. ಮರುಗಕ್ಕೆ ತುಳಸಿಯ ಕಟ್ಟು ಇಲ್ಲ, ಹೆಂಗಸರು ಕೊಯ್ಯಬಹುದು, ದೇವರಿಗೆ ಪ್ರೀತಿ ಎಂಬುದೂ ಗೊತ್ತಿತ್ತು.

"ಕುಡಿ ಚಿವಟವಾ. ಹಿಂಗ ಬಿಟ್ರ ಸೊಪ್ಪಾಗೂದಿಲ್ಲ, ಸೊರಗ್ತದ."

"ಬ್ಯಾಡ್ರಿ ಅತ್ಯಾ. ಇನ್ನೂ ಎಳೀದು ಅದ."

"ಎಳೀದು? ನನ್ನ ಮೊಣಕಾಲಮಟ ಬಂದದ!"

"ಇರ್ಲಿ ಬಿಡ್ರಿ."

ಆ ಶ್ರಾವಣ ಶನಿವಾರ ನಮ್ಮ ಮನೆದೇವರು ವೆಂಕಪ್ಪನಿಗೆ ದೊಡ್ಡ ಪೂಜೆ. ಅಡುಗೆ ಮನೆಯಲ್ಲಿ ಹೂರಣ ರುಬ್ಬುವ ಸದ್ದು, ಕಟ್ಟಿನ ಸಾರಿನ ವಾಸನೆ. ಕಾಕು ಒಲೆಯ ಮುಂದಿದ್ದಾಗ ಅಜ್ಜಿ ಒದ್ದೆ ಮಡಿಯಲ್ಲೇ ಹಿಂಬಾಗಿಲಿಗೆ ಹೋಗಿ, ಎಲ್ಲಾ ಕುಡಿಗಳನ್ನು ಉಗುರಿನಿಂದ ಚಿವುಟಿ ಉಡಿಯಲ್ಲಿ ತುಂಬಿಕೊಂಡು ಬಂದಳು. ಬಾಳೆಯ ನಾರಿನಲ್ಲಿ ಮಲ್ಲಿಗೆಗೊಂದು ಮರುಗದ ಕುಡಿ ಸೇರಿಸಿ ಮಾಲೆ ಕಟ್ಟಿದಳು. ಎಂಥ ಮಾಲೆ! ಅಜ್ಜ ಅದನ್ನು ದೇವರಿಗೆ ಏರಿಸಿದಾಗ ಪಡಸಾಲೆಯಲ್ಲಿ ಕೂತ ನಮಗೂ ಕಣ್ಣು ಮುಚ್ಚುವಂತಾಯಿತು. ಅಜ್ಜಿಯ ಮುಖ ಆ ದಿನ ಮದುಮಗಳ ಮುಖದಂತಿತ್ತು. ಕಾಕು ನೀರು ಸೇದಲು ಹಿತ್ತಲಿಗೆ ಹೋದವಳು ಬರಿಗೈಯಲ್ಲಿ ವಾಪಸು ಬಂದಳು. ಎಲ್ಲರೂ ಎಲೆಯ ಮುಂದೆ ಕೂತಾಗಿತ್ತು.

"ಅತ್ಯಾ, ನನ್ನ ಗಿಡ ಯಾರು ಬೋಳಿಸ್ಯಾರ?"

"ಬೋಳಿಸಿಲ್ಲವಾ, ಚಿವುಟೀನಿ. ದೇವರಿಗೆ."

"ಒಂದು ಮಾತು ಕೇಳಬೇಕಿತ್ತು."

"ಎಷ್ಟು ಸಲ ಕೇಳ್ಲಿ? ಕೇಳಿದ್ರ ಕೊಡ್ತಿದ್ದೇನು?"

"ದೇವರಿಗೆ ಹೂವು ಬಜಾರದಾಗ ಸಿಗ್ತಾವ. ನಮ್ಮವ್ವ ಬಜಾರದಾಗ ಸಿಗೂದಿಲ್ಲ."

ಕಾಕಾ ತಲೆ ತಗ್ಗಿಸಿದ. ಅಜ್ಜ ಆಪೋಶನದ ನೀರು ಅಂಗೈಯಲ್ಲಿ ಹಿಡಿದವರು ಹಾಗೇ ಇದ್ದರು. ಅಜ್ಜಿ ಎಲ್ಲರ ಎಲೆಗೂ ತುಪ್ಪ ಬಡಿಸುತ್ತ ಹೋದಳು. ಕಾಕುವಿನ ಎಲೆಗೆ ಎರಡು ಸಲ ಬಡಿಸಿದಳು. ಕಾಕು ಹೋಳಿಗೆ ಮುಟ್ಟಲಿಲ್ಲ.

ಆಮೇಲೆ ಮನೆಯಲ್ಲಿ ಮಾತಿನ ಉಪವಾಸ ಶುರುವಾಯಿತು. ಅತ್ತೆ ಸೊಸೆ ಒಂದೇ ಒಲೆಯ ಎರಡು ಬದಿಗೆ ಕೂತು ನನ್ನ ಮೂಲಕ ಮಾತಾಡುತ್ತಿದ್ದರು.

"ನಿಮ್ಮ ಕಾಕೂಗ ಕೇಳು, ಸಾರಿಗೆ ಉಪ್ಪು ಹಾಕ್ಯಾಳೇನು ಅಂತ."

"ನಿಮ್ಮ ಅಜ್ಜಿಗೆ ಹೇಳು, ಹಾಕೀನಿ ಅಂತ."

"ಎಷ್ಟು ಅಂತ ಕೇಳು."

"ಅವರು ಕಲಿಸಿದಷ್ಟು ಅಂತ ಹೇಳು."

ನನಗೆ ನಗು ಬರುತ್ತಿತ್ತು, ನಕ್ಕರೆ ಇಬ್ಬರೂ ಕಣ್ಣು ಬಿಡುತ್ತಿದ್ದರು. ಅಷ್ಟರಲ್ಲಿ ಗಿಡ, ಅಜ್ಜಿ ಹೇಳಿದಂತೆಯೇ, ಚಿವುಟಿದ ಕಡೆಯೆಲ್ಲ ಜೋಡಿ ಜೋಡಿಯಾಗಿ ಚಿಗುರಿತು. ಕಾಕು ಅದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಆದರೆ ಗಾಯವಾದ ಗಿಡಕ್ಕೆ ಆರೈಕೆ ಬೇಕೆಂದು ತನ್ನದೇ ಒಂದು ಉಪಾಯ ಹೂಡಿದಳು. ಅಜ್ಜ ದಿನವೂ ದೇವರಿಗೆ ಪಂಚಾಮೃತದ ಅಭಿಷೇಕ ಮಾಡುತ್ತಿದ್ದರು: ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಆ ಪಾತ್ರೆ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲುವ ಹಾಗಿಲ್ಲ, ದೇವರದ್ದು ಕಾಲಡಿಗೆ ಬೀಳಬಾರದು. ಅಲ್ಲಿಯವರೆಗೆ ಅದು ಪಾರಿಜಾತದ ಬುಡಕ್ಕೆ ಹೋಗುತ್ತಿತ್ತು. ಕಾಕು ಆ ತಂಬಿಗೆಯನ್ನು ಇಸಿದುಕೊಂಡು ದಿನವೂ ಮರುಗಕ್ಕೆ ಹಾಕತೊಡಗಿದಳು. ಕಣ್ಣು ಮುಚ್ಚಿ, ಕೈ ಮುಗಿದು, ಹನಿಯೂ ಹೊರಗೆ ಬೀಳದಂತೆ. ದೇವರ ಕೆಲಸವೆಂದು ಯಾರೂ ಬೇಡ ಅನ್ನಲಿಲ್ಲ. ಅದು ತಪ್ಪೆಂದು ಯಾರಿಗೂ ಹೊಳೆಯಲೂ ಇಲ್ಲ.

ದಸರೆಯ ಹೊತ್ತಿಗೆ ಎಲೆ ಹಳದಿಗೆ ತಿರುಗಿತು. ಬನ್ನಿ ಮುಡಿದು ಬಂದ ಮೇಲೆ ಒಂದೊಂದೇ ಕವಲು ಕಪ್ಪಾಯಿತು. ಒಂದು ಬೆಳಿಗ್ಗೆ ಕಾಕು ಕಾಂಡವನ್ನು ಮುಟ್ಟಿದಾಗ ಅದು ಕೈಯಲ್ಲೇ ಬಂತು. ಮುರಿದ ಕಡ್ಡಿಯನ್ನು ಮತ್ತೆ ಮಣ್ಣಿಗೆ ಸಿಕ್ಕಿಸಿ ಒಳಗೆ ಹೋದಳು. ಅಜ್ಜಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ತನ್ನ ಉಗುರು ನೋಡಿಕೊಂಡಳು. ಆ ದಿನದಿಂದ ಅಜ್ಜಿಯ ತಮಾಷೆ ಮಾತು ನಿಂತಿತು. ಬೆಕ್ಕಿಗೂ ಬೈಯುತ್ತಿರಲಿಲ್ಲ.

ಕಾಕು ಗುಡಿಗೆ ಹೋಗಿದ್ದ ಒಂದು ಮುಂಜಾನೆ ಅಜ್ಜಿ ನನ್ನನ್ನು ಕರೆದು ಹರವಿಯನ್ನು ಬೋರಲು ಹಾಕಿಸಿದಳು. ಮಣ್ಣು ಮುದ್ದೆಯಾಗಿ ಬಿತ್ತು. ಹಳೇ ಮಜ್ಜಿಗೆಯಂಥ ಹುಳಿ ವಾಸನೆ. ಒಡೆದು ನೋಡಿದರೆ ಬೇರು ಇರಬೇಕಾದ ಕಡೆ ಕೊಳೆತ ನಾರು, ಅದರ ತುಂಬ ಕೆಂಪಿರುವೆಯ ಗೂಡು. ಜೇನು ಸಕ್ಕರೆ ತಿಂದು ಕೊಬ್ಬಿದ್ದವು. ಅಜ್ಜಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

"ಅಜ್ಜಿ, ನೀ ಚಿವುಟಿದ್ದಕ್ಕ ಸತ್ತಿಲ್ಲ ಇದು! ಕಾಕೂಗ ಹೇಳ್ತೀನಿ ತಡಿ."

"ಹೇಳಬ್ಯಾಡ. ನೀ ನೋಡಿದ್ದು ನಿನ್ನ ಹೊಟ್ಯಾಗ ಇರ್ಲಿ."

"ಯಾಕ? ಆಕಿ ನಿನ್ನ ಮ್ಯಾಲೆ ಸಿಟ್ಟಾಗ್ಯಾಳಲ್ಲ?"

"ಆಗ್ಲಿ ಬಿಡು. ದೇವರ ನೀರು ಹಾಕಿ ಅವ್ವನ ಗಿಡ ಕೊಂದೆ ಅಂತ ಗೊತ್ತಾದ್ರ ಆ ಹುಡುಗಿ ಜೀವ ಇರೂತನ ಅಳ್ತಾಳ. ಇನ್ನ ದೇವರ ಮುಂದ ಹ್ಯಾಂಗ ಕೈ ಮುಗೀತಾಳ? ಅದಕ್ಕಿಂತ ಮುದುಕಿ ಕೊಂದ್ಲು ಅಂತ ಬೈಕೊಳ್ಳಿ. ಬೈಸಿಕೊಂಡ್ರ ನಾ ಏನು ಸವದು ಹೋಗ್ತೀನಿ?"

ಆ ಮಣ್ಣನ್ನು ದೂರ ಚೆಲ್ಲಿ, ಹರವಿಯನ್ನು ತೊಳೆದು ಗೋಡೆಗೆ ಬೋರಲು ಹಾಕಿದೆವು. ದೇವರ ಮೇಲಿನ ಭಕ್ತಿ ಅಂದರೆ ಏನೆಂದು ಪುರಾಣದಲ್ಲಿ ಎಷ್ಟೋ ಕೇಳಿದ್ದೇನೆ. ಇನ್ನೊಬ್ಬರ ಭಕ್ತಿ ಕೆಡಬಾರದೆಂದು ತಾನು ಬೈಗುಳ ಉಟ್ಟುಕೊಳ್ಳುವುದನ್ನು ಕಂಡದ್ದು ಮಾತ್ರ ನಮ್ಮ ಹಿತ್ತಲಲ್ಲಿ.

ದೀಪಾವಳಿ ಹತ್ತಿರ ಬಂದಿತ್ತು. ಎಂದಿನಂತೆ ನಿರ್ಮಾಲ್ಯದ ಬುಟ್ಟಿ ಹಿಡಿದು ಪಾರಿಜಾತದ ಬಳಿ ಹೋದೆ. ಬುಟ್ಟಿ ಬೋರಲು ಹಾಕುತ್ತಿದ್ದಾಗ ಮೂಗಿಗೆ ಒಂದು ಘಮ ಬಡಿಯಿತು. ಬಾಡಿದ ಚೆಂಡುಹೂವು ಸರಿಸಿದೆ. ಕೊಳೆತು ಮಣ್ಣಾದ ಹೂವಿನ ನಡುವೆ, ಬಾವಿಕಟ್ಟೆಯಿಂದ ನೀರು ಜಿನುಗುವ ಕಡೆ, ಬೂದಿ ಹಸಿರಿನ ಎಲೆ. ಒಂದಲ್ಲ, ಒಂದು ಗುಂಪೇ. ಶ್ರಾವಣ ಶನಿವಾರದ ಮಾಲೆ ಅಲ್ಲೇ ಮಲಗಿ, ಅದರ ಕುಡಿಗಳು ಬೇರು ಬಿಟ್ಟಿದ್ದವು. ಒಂದು ಗಿಡದ ಸೊಂಟದಲ್ಲಿ ಅಜ್ಜಿ ಹಾಕಿದ ಬಾಳೆನಾರಿನ ಗಂಟು ಇನ್ನೂ ಹಾಗೇ ಇತ್ತು. ನಾನು ಬುಟ್ಟಿ ಅಲ್ಲೇ ಬಿಟ್ಟು ಓಡಿದೆ.

"ಕಾಕೂ! ಕಾಕೂ! ನಿಮ್ಮವ್ವ ಬಂದಾಳ!"

ಕಾಕು ಚಕ್ಕಲಿ ಒತ್ತುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿ ಬಂದು ಕಲ್ಲಿನ ಮಡಿಲಿನ ಮುಂದೆ ಮೊಣಕಾಲೂರಿದಳು. ಮೊದಲು ನಕ್ಕಳು, ಆಮೇಲೆ ಅತ್ತಳು, ಕೈ ಚಾಚಿದಳು. ಚಾಚಿದ ಕೈ ನಡುವೆಯೇ ನಿಂತಿತು. ನಿರ್ಮಾಲ್ಯ! ಒಮ್ಮೆ ದೇವರಿಗೆ ಏರಿಸಿದ್ದನ್ನು ಮತ್ತೆ ಏರಿಸುವ ಹಾಗಿಲ್ಲ. ಅದರಿಂದ ಹುಟ್ಟಿದ ಗಿಡದ ಕುಡಿ ಮತ್ತೆ ದೇವರ ಕೊರಳಿಗೆ ಬಂದೀತೇ? ಬರದಿದ್ದರೆ ಅದು ಹಿತ್ತಲಿನ ಕಸದಲ್ಲಿ ಬೆಳೆದ ಇನ್ನೊಂದು ಗಿಡ ಅಷ್ಟೇ. ಮಡಿಯ ಆ ಮನೆಯಲ್ಲಿ ಅದಕ್ಕೆ ಹಿಂಬಾಗಿಲಿನ ಜಾಗವೂ ಸಿಗದು. ಅಷ್ಟರಲ್ಲಿ ಅಜ್ಜಿ ಬಾವಿಯ ಹತ್ತಿರ ಬಂದಿದ್ದಳು. ಎರಡು ಹಬ್ಬ ಕಳೆದ ಮೇಲೆ ಕಾಕು ಮೊದಲ ಸಲ ನೇರ ಮುಖ ನೋಡಿ ಕೇಳಿದಳು.

"ಅತ್ಯಾ, ಇದನ್ನ ಎತ್ತಿ ಹಚ್ಚಬಹುದೇನ್ರಿ? ದೇವರಿಗೆ ನಡೀತದೇನು?"

ಅಜ್ಜಿ ದೇವರ ಮನೆಯ ಕಡೆ ನೋಡಿದಳು. ಅಜ್ಜ ಕಿಟಕಿಯೊಳಗಿಂದ ಎಲ್ಲ ಕೇಳಿಸಿಕೊಂಡವರು, "ನನ್ನ ಕಡೆ ನೋಡಬ್ಯಾಡ. ಮರುಗದ ಶಾಸ್ತ್ರ ನಿಂದು," ಎಂದುಬಿಟ್ಟರು. ಅಜ್ಜಿ ಬಗ್ಗಿ ಆ ನಾರಿನ ಗಂಟನ್ನು ನೋಡಿದಳು. ತನ್ನದೇ ಗಂಟು.

"ನಿನ್ನ ಗಂಡ ಹುಟ್ಟಿದ್ದು ಹ್ಯಾಂಗ ಗೊತ್ತದೇನು? ವೆಂಕಪ್ಪನ ಮ್ಯಾಲಿನ ಹೂವು ತಂದು ನನ್ನ ಉಡಿಯಾಗ ಹಾಕಿದ್ರು. ಅದಾದ ಮ್ಯಾಲೆ ಹುಟ್ಟಿದ. ಅವನ್ನ ನಾ ನಿರ್ಮಾಲ್ಯ ಅಂತ ಪಾರಿಜಾತದ ಬುಡಕ್ಕ ಇಟ್ಟೇನೇನು? ಜ್ವಾಪಾನ ಮಾಡಿ ಬೆಳಸಿ, ನಿನ್ನ ಕೈಯಾಗ ಕೊಟ್ಟೀನಿ."

ಕಾಕು ಅಳುವಿನ ನಡುವೆ ಕಿಸಕ್ಕನೆ ನಕ್ಕಳು.

"ಮಾಲಿ ನಿರ್ಮಾಲ್ಯ. ಬೇರು ಬಿಟ್ಟದ್ದು ಹೊಸಾ ಜೀವ. ಎತ್ತು. ಆದ್ರ ಒಂದು ಮಾತು, ದೇವರ ನೀರು ಇದಕ್ಕ ಬ್ಯಾಡ. ಅದು ಮೊದಲಿನಂಗ ಪಾರಿಜಾತಕ್ಕ ಹೋಗ್ಲಿ. ಎಳೇ ಗಿಡಕ್ಕ ಬಾವಿ ನೀರು ಸಾಕು."

ಕಾಕು ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಆಮೇಲೆ ಗೋಡೆಗೆ ಬೋರಲು ಹಾಕಿದ್ದ, ಒಳಗೆಲ್ಲ ತೊಳೆದ ಹರವಿಯನ್ನು ನೋಡಿದಳು.

"ಅತ್ಯಾ... ಹಂಗಂದ್ರ..."

"ಹಂಗಂದ್ರ ಹಂಗ. ಹೊತ್ತು ಹೋಗ್ಲಿಕತ್ತದ, ಉಸುಕು ತಾ ಹೋಗು. ಚಕ್ಕಲಿ ಕರ್ರಗಾದಾವು!"

ಅಂದೇ ಸಂಜೆ ಅತ್ತೆ ಸೊಸೆ ಕೂಡಿ ಗಿಡಗಳನ್ನು ಬಿಡಿಸಿದರು. ಅರ್ಧ ಮಣ್ಣು, ಅರ್ಧ ಹೊಳೆಯ ಉಸುಕು. ಕೆಳಗಿನ ಎಲೆ ತೆಗೆದು, ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಕಡ್ಡಿ ಊರಿ, ಸುತ್ತ ಬೆರಳಿನಿಂದ ಒತ್ತಿ, ನೆರಳಿಗಿಟ್ಟರು. ಧನುರ್ಮಾಸ ಬರುವಷ್ಟರಲ್ಲಿ ಹರವಿ ತುಂಬಿತ್ತು. ಕುಡಿ ಚಿವುಟುವ ದಿನ ಅಜ್ಜಿ ತಾನು ಮುಟ್ಟಲಿಲ್ಲ. ಕಾಕುವಿನ ಮುಂದೆ ಸೆರಗೊಡ್ಡಿ ನಿಂತಳು.

"ನಿಮ್ಮವ್ವನ ಗಿಡ, ನಿನ್ನ ಕೈ. ಎರಡು ಜೋಡಿ ಎಲಿ ಬಿಟ್ಟು ಅದರ ಮ್ಯಾಲೆ ಚಿವುಟು. ಹೆದರಬ್ಯಾಡ, ನೋಯಿಸಿದ್ರನ ತುಂಬ್ತದ ಇದು."

ಕಾಕು ಕಣ್ಣು ಮುಚ್ಚಿ ಮೊದಲ ಕುಡಿ ಚಿವುಟಿದಳು. ಎರಡನೆಯದಕ್ಕೆ ಕಣ್ಣು ತೆರೆದಳು.

ಹಿರೇಕೊಟ್ನೆಕಲ್ಲಿನಿಂದ ನಮ್ಮ ಮನೆಗೆ ಮೊಸರು ತರುತ್ತಿದ್ದ ಈರಮ್ಮ ಆ ಘಮಕ್ಕೆ ಬಾಗಿಲಲ್ಲೇ ನಿಂತಳು.

"ಯವ್ವಾ, ಏನಿದು ಇಷ್ಟು ಘಮ್ ಅನ್ನಾಕತ್ತದ? ನನಗೊಂದು ಕಡ್ಡಿ ಕೊಡ್ರಿ."

"ಇದು ದೇವದುರ್ಗದ ಮರುಗ. ನಮ್ಮ ಸಣ್ಣ ಸೊಸಿ ತವರುಮನಿದು. ಆಕೀನ್ನ ಕೇಳು, ಆಕಿ ಕೊಟ್ರ ತಗೋ."

ಅಜ್ಜಿ ಆಮೇಲೆ ಯಾರು ಕೇಳಿದರೂ ಇದೇ ಮಾತು ಹೇಳಿದಳು, ಒಂದಕ್ಷರ ಬಿಡದೆ. ಗಿಡ ನಮ್ಮ ಮನೆಯ ಮಣ್ಣಿನಲ್ಲಿ, ನಮ್ಮ ಬಾವಿ ನೀರಿನಲ್ಲಿ ಬೆಳೆದದ್ದು. ಆದರೂ ಅದನ್ನು ಮಾನವಿಯ ಮರುಗ ಎಂದು ಆಕೆ ಒಮ್ಮೆಯೂ ಅನ್ನಲಿಲ್ಲ. ಓಣಿಯ ತುಂಬ ಕಡ್ಡಿ ಹೋದವು. ಮುಂದಿನ ಪಂಚಮಿಗೆ ಕಾಕುವನ್ನು ಕರೆಯಲು ಯಾರೂ ಬರಲಿಲ್ಲ, ನಿಜ. ಆದರೆ ಕಡ್ಡಿ ಒಯ್ದ ಹೆಂಗಸರು ತಟ್ಟೆಯಲ್ಲಿ ಉಂಡಿ ಹಿಡಿದುಕೊಂಡು ಒಬ್ಬರ ಹಿಂದೆ ಒಬ್ಬರು ಬಂದರು. "ನಿಮ್ಮ ತವರಿನ ಗಿಡ ನಮ್ಮನ್ಯಾಗ ಚಿಗತದ ನೋಡ್ರಿ," ಎಂದು ಹೇಳಿ ಹೋದರು. ಈರಮ್ಮ ಹಿರೇಕೊಟ್ನೆಕಲ್ಲಿನಿಂದ ಒಂದು ಸೆರಗಿನ ತುಂಬ ಶೇಂಗಾ ಉಂಡಿ ತಂದಿದ್ದಳು. ಕಾಕು ಅಷ್ಟನ್ನೂ ಡಬ್ಬಿಯಲ್ಲಿ ತುಂಬಿ, ಒಂದನ್ನು ಅಜ್ಜಿಯ ಬಾಯಿಗೇ ಇಟ್ಟಳು. ಅಜ್ಜಿ ಮಡಿಯಲ್ಲಿದ್ದಳು. ಆದರೂ ತಿಂದಳು.

ನಾನು ಮದುವೆಯಾಗಿ ರಾಯಚೂರಿಗೆ ಬರುವಾಗ ಕಾಕು ನನ್ನ ಕೈಯಲ್ಲೂ ಒಂದು ಒದ್ದೆ ಗಂಟು ಇಟ್ಟಳು. ಅದು ಈಗ ನಮ್ಮ ಗೇಟಿನ ಪಕ್ಕದ ಕುಂಡಗಳಲ್ಲಿದೆ. ಇಲ್ಲಿಯ ಬಿಸಿಲಿಗೆ ಎರಡು ಸಲ ಹೋಯಿತು, ಎರಡು ಸಲವೂ ನಾನು ಕಡ್ಡಿ ಹಂಚಿದವರ ಮನೆಯಿಂದಲೇ ಮತ್ತೆ ಬಂತು. ಹಂಚಿದ್ದರಿಂದ ಉಳಿಯಿತು, ಅದೂ ದೇವರ ದಯೆಯೇ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಹರವಿಯ ಮಣ್ಣಿನ ಮಾತನ್ನು ನಾನು ಆಕೆ ಹೇಳಿದಂತೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ, ಕಾಕುವಿನ ಮುಂದೆ ಒಂದು ದಿನವೂ ಎತ್ತಿರಲಿಲ್ಲ.

ಮೊನ್ನೆ ಶ್ರಾವಣದಲ್ಲಿ ಕಾಕು ನಮ್ಮ ಮನೆಗೆ ಬಂದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ, ಮೊಣಕಾಲು ನೋವು. ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು, ಕುಂಡಕ್ಕೆ ಮೈ ಹಚ್ಚಿ ಮಲಗಿದ್ದ ನಮ್ಮ ಓಣಿಯ ಬೆಕ್ಕನ್ನು ನೋಡುತ್ತ ಕೂತಿದ್ದಳು. ಹೊಸದಾಗಿ ಬಾಡಿಗೆಗೆ ಬಂದಿದ್ದ ಎದುರು ಮನೆಯ ಹುಡುಗಿ ಗೇಟಿನ ಆಚೆ ನಿಂತು ಕೇಳಿದಳು.

"ಆಂಟಿ, ದೇವದುರ್ಗದ ಮರುಗ ಅಂತ ಅದ ಅಂತಲ್ರಿ ನಿಮ್ಮನ್ಯಾಗ? ಒಂದು ಕಡ್ಡಿ ಕೊಡ್ರಿ."

ಆ ಹುಡುಗಿ ಕಾಕುವನ್ನು ಕಂಡವಳಲ್ಲ, ದೇವದುರ್ಗವನ್ನೂ ಕಂಡವಳಲ್ಲ. ನಾನು ಏಳುವಷ್ಟರಲ್ಲಿ ಕಾಕು ಕುರ್ಚಿಯ ಕೈ ಹಿಡಿದು ಎದ್ದಾಗಿತ್ತು. ಎರಡು ಜೋಡಿ ಎಲೆ ಬಿಟ್ಟು, ಉಗುರಿನಿಂದ ಚಿವುಟಿ, ತನ್ನ ಕರವಸ್ತ್ರವನ್ನೇ ನೀರಲ್ಲಿ ಅದ್ದಿ ಸುತ್ತಿದಳು. ಗೇಟಿನ ಸರಳುಗಳ ನಡುವೆ ಕೈ ಚಾಚಿ ಕೊಟ್ಟಳು.

"ಸ್ವಲ್ಪ ದಿನ ನೆರಳಾಗ ಇಡವಾ. ನಳದ ನೀರು ಹಾಕು, ಸಾಕು. ಪೂಜಾದ್ದು, ಅಭಿಷೇಕದ್ದು ಅಂತ ದೇವರ ನೀರು ಮಾತ್ರ ಹಾಕಬ್ಯಾಡ."

"ಯಾಕ್ರೀ ಅಜ್ಜಿ? ದೇವರ ನೀರು ಒಳ್ಳೇದಲ್ಲೇನ್ರಿ?"

ಕಾಕು ಒಂದು ಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ ಆ ಹುಡುಗಿಯ ಕಡೆ ತಿರುಗಿ ಹೇಳಿದಳು.

"ಒಳ್ಳೇದವಾ. ಆದ್ರ ನಮ್ಮತ್ತಿ ಬ್ಯಾಡ ಅಂದಾರ."